ನೀಲಿ ಬಾಗಿಲು

ನಮ್ಮ ಕಟ್ಟಡದ ಲಿಫ್ಟು ಯಾರನ್ನೂ ಪುಕ್ಕಟೆ ಏರಿಸುವುದಿಲ್ಲ.
ಗೋಡೆಗೆ ಜಡಿದ ತಗಡಿನ ಡಬ್ಬಿಯ ಬಾಯಿಗೆ
ಹತ್ತು ತೇತ್ರಿಯ ನಾಣ್ಯ ಹಾಕಬೇಕು,
ಆಮೇಲೆ ಅದು ಗೊಣಗಿ, ಕೆಮ್ಮಿ, ಮನಸ್ಸು ಮಾಡಬೇಕು.

ನಾನು ತ್ಬಿಲಿಸಿಗೆ ಬಂದ ಮೊದಲ ವಾರ.
ಔಷಧಿಯಂಗಡಿಯ ರಾತ್ರಿಪಾಳಿ ಮುಗಿದಿತ್ತು,
ಬೆರಳಿಗೆ ಅಯೋಡಿನ್ ವಾಸನೆ, ಜೇಬಿನಲ್ಲಿ ಚಿಲ್ಲರೆಯಿಲ್ಲ.
ಕುತಾಯಿಸಿಯಿಂದ ತಂದದ್ದು ಎರಡು ಪೆಟ್ಟಿಗೆ,
ಇನ್ನು ಯಾರ ಗೊಡವೆಯೂ ಬೇಡ ಎಂಬ ತೀರ್ಮಾನ.

ಲಿಫ್ಟಿನೊಳಗೆ ಅವಳು ಆಗಲೇ ನಿಂತಿದ್ದಳು.
ಬೀಟ್‌ರೂಟ್ ಬಣ್ಣದ ಕೂದಲು, ಗಂಡಸರ ಕೋಟು,
ಒಂದು ಕಾಲಿಗೆ ನೀಲಿ ಕಾಲ್ಚೀಲ, ಇನ್ನೊಂದಕ್ಕೆ ಹಸಿರು,
ಕಂಕುಳಲ್ಲಿ ಆಗಷ್ಟೇ ಒಲೆಯಿಂದ ಕಿತ್ತ ಉದ್ದನೆ ರೊಟ್ಟಿ.
'ಗಮಾರ್ಜೋಬ' ಅಂದಳು.
ನಮ್ಮಲ್ಲಿ ನಮಸ್ಕಾರವೆಂದರೆ 'ಗೆಲುವು' ಅಂತಲೇ ಅರ್ಥ.
ಗೆದ್ದವಳ ಮುಖವಲ್ಲ ನನ್ನದು. ಸುಮ್ಮನಿದ್ದೆ.

ಅವಳು ತೂತು ಕೊರೆದ ನಾಣ್ಯವೊಂದನ್ನು ತೆಗೆದಳು,
ತೂತಿಗೆ ಕಟ್ಟಿದ್ದು ಮೀನುಗಾಳದ ದಾರ.
ಡಬ್ಬಿಗೆ ಇಳಿಬಿಟ್ಟಳು. ಒಳಗೆಲ್ಲೋ ಟಿಕ್ ಅಂದಿತು.
ಬಾವಿಯಿಂದ ಕೊಡ ಸೇದಿದ ಹಾಗೆ
ನಾಣ್ಯವನ್ನು ಮತ್ತೆ ಮೇಲೆಳೆದು ಜೇಬಿಗೆ ಸೇರಿಸಿದಳು.
'ಹನ್ನೆರಡು ವರ್ಷದಿಂದ ಇದೊಂದೇ. ಎಂಟನೇ ಮಹಡಿ ತಾನೆ?'

ಹೆಸರು ತ್ಸಿಯಾಲ.
ಸಿನಿಮಾ ಮಂದಿರಗಳಿಗೆ ಪೋಸ್ಟರು ಬರೆಯುತ್ತಿದ್ದವಳು,
ಎರಡಾಳೆತ್ತರದ ಮುಖಗಳು, ಒಂದೊಂದು ತುಟಿಗೂ ಅರ್ಧ ಡಬ್ಬಿ ಕೆಂಪು.
ಮಂದಿರ ಮುಚ್ಚಿ ಬ್ಯಾಂಕಾಯಿತು, ಡಬ್ಬಿಗಳು ಅವಳ ಮನೆ ಸೇರಿದವು.
ಹಾಗೆ ಬಣ್ಣ ಬಿತ್ತು ಬೀದಿಯ ನಲ್ಲಿಗೆ, ಡೊಮಿನೊ ಆಡುವವರ ಮೇಜಿಗೆ,
ಒಮ್ಮೆ, ನಿದ್ದೆಹೋಗಿದ್ದ ಕಲ್ಲಂಗಡಿ ಮಾರುವವನ ಟ್ರಕ್ಕಿನ ಬಾಲಕ್ಕೂ.
ಬೈಗುಳ ಐದು ಬಾಲ್ಕನಿಗಳನ್ನು ಹತ್ತಿಳಿಯಿತು.
ಸಂಜೆಗೆ ಅವನೇ ಎರಡು ಹಣ್ಣು ಕೊಟ್ಟು ಹೋದ.

ಮಾರ್ಚಿಯ ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದರೆ
ನನ್ನ ಬಾಗಿಲು ಹಸಿರು. ಗಿಳಿಹಸಿರು.
ಕೇಳಲಿಲ್ಲ, ಹೇಳಲಿಲ್ಲ!
ಮೂಗಿನ ತುದಿಯಲ್ಲೇ ಸಿಟ್ಟು. ದಬದಬ ಬಡಿದೆ ಅವಳ ಬಾಗಿಲು.
ತೆರೆದಳು, ಕೈಯಲ್ಲಿ ಇನ್ನೂ ಬ್ರಶ್ಶು.
'ಕಂದು ಬಾಗಿಲನ್ನು ಯಾರು ತಟ್ಟುತ್ತಾರೆ ಹೇಳು ಮಗು?
ಅದಕ್ಕೇ ನೀಲಿ ಬಳಿದೆ. ಆಕಾಶದ ನೀಲಿ.
ನಿನಗೆ ಒಪ್ಪುತ್ತದೆ.'

ಅವಳ ಕಣ್ಣು ನೋಡಿದೆ.
ಪಾಪೆಯ ಮೇಲೆ ಗಂಜಿಯ ತಿಳಿಯಂಥ ಪೊರೆ.
ಕಾಲ್ಚೀಲ ನೆನಪಾಯಿತು.
ಬೀದಿಯೆಲ್ಲ ಶೋಕಿ ಅಂದುಕೊಂಡದ್ದು.
ತಂದಿದ್ದ ಮಾತೆಲ್ಲ ನಾಲಿಗೆಯ ಮೇಲೇ ಉಳಿಯಿತು.
'ಒಪ್ಪುತ್ತದೆ' ಅಂದೆ. 'ಆಕಾಶವೇ.'

ಅಲ್ಲಿಂದ ಶುರು.
ರಕ್ತದೊತ್ತಡದ ಮಾತ್ರೆಗೂ ಅವಳದೊಂದು ತಕರಾರು:
'ಗುಲಾಬಿ ನುಂಗೆನು, ಅಗ್ಗದ ಲಿಪ್‌ಸ್ಟಿಕ್ಕಿನ ಬಣ್ಣ.'
ಅದೇ ಮಾತ್ರೆ ಬಿಳಿಯದು ಹುಡುಕಿ ತಂದೆ.
ಸೀಸೆಗಳ ಕೊರಳಿಗೆ ಗಾಳದ ದಾರ ಕಟ್ಟಿದೆ,
ಬೆಳಗಿನದಕ್ಕೆ ಒಂದು ಗಂಟು, ರಾತ್ರಿಯದಕ್ಕೆ ಎರಡು.
ಯಾಕೆಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.
ಬೆರಳಾಡಿಸಿ ಎಣಿಸಿದಳು,
ಉಪ್ಪುಗಿಣ್ಣು ತಟ್ಟೆಗಿಟ್ಟು ಮುಂದೆ ನೂಕಿದಳು,
ಯಾವಳೋ ನಟಿಯ ಮೂಗನ್ನು ಮೂರು ಸಲ ತಿದ್ದಿದ ಕಥೆ ಹೇಳಿದಳು.
ಮರುದಿನ ಅದೇ ಕಥೆಯಲ್ಲಿ ಐದು ಸಲವಾಗಿತ್ತು.

ಕಣ್ಣಾಸ್ಪತ್ರೆಗೆ ಹೋಗೋಣ ಅಂದರೆ, ಪ್ಲಮ್ ಸುಗ್ಗಿ ಮುಗಿಯಲಿ ಅನ್ನುತ್ತಾಳೆ.
ಪ್ಲಮ್ ಮುಗಿದರೆ ದ್ರಾಕ್ಷಿಯದು ಇದ್ದೇ ಇದೆ.
ದಿನಕ್ಕೊಮ್ಮೆ ಕೇಳುತ್ತೇನೆ. ಮೊಂಡುತನ ನನಗೂ ಅಂಟಿದೆ.

ನಿನ್ನೆ ಗ್ಯಾಸಿನ ಹುಡುಗ ಬಂದ.
ವಿಳಾಸ ಕೊಟ್ಟವಳು ತ್ಸಿಯಾಲ:
'ಎಂಟನೇ ಮಹಡಿ, ನೀಲಿ ಬಾಗಿಲು.'
ಹತ್ತಿ ಇಳಿದು, ಇಳಿದು ಹತ್ತಿ,
ಎರಡೆರಡು ಸಲ ನಾಣ್ಯ ತೆತ್ತು
ಬೆವರು ಒರೆಸಿಕೊಳ್ಳುತ್ತ ಅಂಗಳದಿಂದ ಕೂಗಿದ,
'ಅಕ್ಕಾ, ಇಲ್ಲಿ ನೀಲಿ ಬಾಗಿಲೇ ಇಲ್ಲ!'

ಪಕ್ಕದ ಬಾಲ್ಕನಿಯಲ್ಲಿ ಅವಳು ಬಟ್ಟೆ ಒಣಹಾಕುತ್ತಿದ್ದಳು,
ಕಿವಿ ಮಾತ್ರ ಚುರುಕು.
ನಾನು ಬಗ್ಗಿ ಕೂಗಿದೆ, ಬೀದಿಗೆಲ್ಲ ಕೇಳುವ ಹಾಗೆ:
'ಹಸಿರು ಬಾಗಿಲ ಮುಂದೆ ನಿಂತಿದ್ದೆಯಲ್ಲ,
ಅದೇ ನೀಲಿ. ಬಾ ಮೇಲೆ!'